ಮಾಷ್ಟ್ರ ಲೇಖನಕ್ಕೆ ಗುಲಾಬಿ ಬಣ್ಣ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ಬಳಗದ ಸ್ಮರಣ ಸಂಚಿಕೆಯ ಕೆಲಸ ಎರಡನೇ ಸಲವೂ ನನ್ನ ತಲೆಗೇ ಬಂತು. ಮೊದಲ ಸಲ ಲೇಖನಗಳೆಲ್ಲ ವಾಟ್ಸಾಪ್‌ನಲ್ಲಿ ಓಡಾಡಿದ್ದವು. ಕೊನೆಗೆ ಒಬ್ಬರ ತಿದ್ದದ ಪ್ರತಿ ಅಚ್ಚಾಗಿಬಿಟ್ಟಿತು. ಅವರು ಈಗಲೂ ನನ್ನ ಜೊತೆ ಚಹಾಕ್ಕೆ ಬರುವುದಿಲ್ಲ. ಹಾಗಾಗಿ ಈ ಸಲ ಒಂದೇ ಕಡೆ, ಬ್ರೌಸರ್‌ನಲ್ಲೇ, ಎಲ್ಲರೂ ಬರೆಯಬೇಕು ಅಂತ ತೀರ್ಮಾನಿಸಿದೆ.

ಮೊದಲು ಆಸೆಪಟ್ಟು ಒಂದು ಪೂರ್ತಿ ಆಫೀಸ್ ಸೂಟನ್ನೇ ಸರ್ವರ್‌ಗೆ ಹಾಕಿದೆ. ಫಾಂಟು, ಟೇಬಲ್ಲು, ಪುಟದ ಅಂಚು, ಎಲ್ಲ ಇತ್ತು. ಆದರೆ ಪ್ರತಿಯೊಬ್ಬರಿಗೂ ಖಾತೆ ಮಾಡಬೇಕು, ಪಾಸ್‌ವರ್ಡ್ ಕೊಡಬೇಕು. ಮಾಟುಂಗಾದಲ್ಲಿರುವ ಲೇಖಕರೊಬ್ಬರು ಒಂದೇ ವಾರದಲ್ಲಿ ಮೂರು ಸಲ ಪಾಸ್‌ವರ್ಡ್ ಮರೆತರು. ಫೋನಿನಲ್ಲಿ ತೆರೆದರೆ ಅರ್ಧ ಪರದೆ ಗುಂಡಿಗಳೇ. ಹತ್ತು ದಿನಕ್ಕೆ ತೆಗೆದುಹಾಕಿದೆ.

ಆಮೇಲೆ ಬಂದದ್ದು ಈಥರ್‌ಪ್ಯಾಡ್, ಹಲವರು ಒಂದೇ ಹಾಳೆಯಲ್ಲಿ ಒಟ್ಟಿಗೆ ಬರೆಯುವ ತಂತ್ರಾಂಶ. 2008ರ ಹಳೆಯ ಸರಕು. ಅದನ್ನು ಮಾಡಿದ ಕಂಪನಿಯನ್ನು 2009ರಲ್ಲಿ ಗೂಗಲ್ ಕೊಂಡಿತು, ಆ ಡಿಸೆಂಬರಿನಲ್ಲೇ ಮೂಲ ಕೋಡ್ ಎಲ್ಲರಿಗೂ ಮುಕ್ತವಾಯಿತು. ಈಗಿನದು ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್ ಮೇಲೆ ಓಡುತ್ತದೆ, ಸಣ್ಣ ಬಾಡಿಗೆ ಸರ್ವರ್ ಸಾಕು. ಖಾತೆ ಬೇಡ. ಲಿಂಕ್ ಒತ್ತಿದರೆ ಬಿಳಿ ಹಾಳೆ. ಬರೆಯುವುದೊಂದೇ ಕೆಲಸ. ಒಬ್ಬೊಬ್ಬರ ಅಕ್ಷರದ ಹಿಂದೆ ಒಂದೊಂದು ಬಣ್ಣ ಬರುತ್ತದೆ, ಯಾರು ಏನು ತಿದ್ದಿದರು ಅಂತ ಕಣ್ಣಿಗೇ ಕಾಣುತ್ತದೆ.

ಆ ಬಣ್ಣದಿಂದ ಮೊದಲ ದಿನವೇ ಫೋನು. ರಾತ್ರಿ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ನಮ್ಮ ಮಾಷ್ಟ್ರು ಗಾಬರಿಯಾಗಿದ್ದರು. "ಇದೆಂತ ಮಾರಾಯ, ನಾನು ಬರೆದದ್ದೆಲ್ಲ ತಪ್ಪಾ? ಎಲ್ಲ ಗುಲಾಬಿ ಬಂದಿದೆ!" "ತಪ್ಪಲ್ಲ ಮಾಷ್ಟ್ರೇ, ಅದು ನಿಮ್ಮ ಬಣ್ಣ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಸಿರು ಸಿಗ್ತದಾ?" ಅಂದರು. ಸಿಗುತ್ತದೆ. ಬದಲಾಯಿಸಿ ಕೊಟ್ಟೆ.

ಇನ್ನೊಂದು ದಿನ ಅವರ ಮೊಮ್ಮಗ ಟ್ಯಾಬಿನಲ್ಲಿ ಆಟವಾಡುತ್ತಾ ಇಡೀ ಲೇಖನ ಅಳಿಸಿಬಿಟ್ಟ. ನಾನು ಲೋಕಲ್ ರೈಲಿನಲ್ಲಿ ನಿಂತಿದ್ದೆ, ಫೋನಿನಲ್ಲೇ ಪ್ಯಾಡಿನ ಹಳೆಯ ರೂಪಗಳನ್ನು ತೋರಿಸುವ ಟೈಮ್‌ಸ್ಲೈಡರ್ ತೆರೆದೆ. ಈಥರ್‌ಪ್ಯಾಡ್ ಒಂದೊಂದು ಬದಲಾವಣೆಯನ್ನೂ ಇಟ್ಟುಕೊಂಡಿರುತ್ತದೆ. ಪಟ್ಟಿಯನ್ನು ಹಿಂದಕ್ಕೆ ಎಳೆದೆ, ಲೇಖನ ಸಿಕ್ಕಿತು. ಮುಂಬ್ರಾ ಹತ್ತಿರ ಸಿಗ್ನಲ್ ಹೋಯಿತು, ಠಾಣೆಯಲ್ಲಿ ಬಂತು, ಅಲ್ಲಿ ಕಾಪಿ ಮಾಡಿ ಹಾಕಿದೆ.

ನಾನೇ ಮಾಡಿಕೊಂಡ ಎಡವಟ್ಟೂ ಒಂದಿದೆ. ನಾನು ಹಾಕಿಕೊಂಡ ಆವೃತ್ತಿ, ಏನೂ ಹೇಳದಿದ್ದರೆ, ಎಲ್ಲವನ್ನೂ ಡರ್ಟಿ ಡಿಬಿ ಎಂಬ ಒಂದೇ ಫೈಲಿಗೆ ಬರೆಯುತ್ತಿತ್ತು. ಅದು ಪರೀಕ್ಷೆಗೆ ಮಾತ್ರ ಅಂತ ಕೈಪಿಡಿಯಲ್ಲಿ ಇತ್ತು, ನಾನು ಓದಿರಲಿಲ್ಲ. ಫೈಲ್ ಉಬ್ಬುತ್ತಾ ಹೋದದ್ದು ನೋಡಿದ ಮೇಲೆ ಮರಿಯಾ ಡಿಬಿ ಎಂಬ ಪೂರ್ಣ ಡೇಟಾಬೇಸಿಗೆ ಬದಲಾಯಿಸಿದೆ. ಶುರುವಿನಲ್ಲೇ ಮಾಡಿದ್ದರೆ ಒಂದು ಭಾನುವಾರ ಉಳಿಯುತ್ತಿತ್ತು.

ನಿಜವಾದ ತಲೆನೋವು ಕನ್ನಡದ್ದು. ಅರ್ಧ ಜನ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟಿದ್ದರು, ಪ್ರತಿ ಅಕ್ಷರಕ್ಕೂ ಎಲ್ಲೆಡೆ ಒಂದೇ ಸಂಕೇತ ಕೊಡುವ ಯೂನಿಕೋಡ್ ಅಲ್ಲ. ಅದನ್ನು ಪ್ಯಾಡಿಗೆ ಅಂಟಿಸಿದರೆ 'ಕನ್ನಡ' ಎಂಬ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ಅದರ ಪಕ್ಕ ಟೋಪಿ ಹಾಕಿದ ಎ, ಆಮೇಲೆ ಪೌಂಡ್ ಚಿಹ್ನೆ! ಕಂಪ್ಯೂಟರಿನ ಹೊಟ್ಟೆಯಲ್ಲಿ ಇರುವುದು ಅವೇ, ಫಾಂಟು ಮಾತ್ರ ಅವಕ್ಕೆ ಕನ್ನಡದ ವೇಷ ಹಾಕುತ್ತದೆ. ಪರಿವರ್ತಿಸಲು ಮುಕ್ತ ತಂತ್ರಾಂಶಗಳಿವೆ. ಅರ್ಕಾವತ್ತಿನ ಮೇಲೆ ಒಂದು ಕಣ್ಣಿಡಬೇಕು ಅಷ್ಟೇ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಂಡಂತೆ ಅಕ್ಷರದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದಂತೆ 'ರ್' ಮೊದಲು ಬರಬೇಕು. ಆ ಅದಲುಬದಲು ಆಗದಿದ್ದರೆ 'ಕಾರ್ಯದರ್ಶಿ' ಹೋಗಿ 'ಕಾಯರ್ದಶಿರ್' ಆಗುತ್ತದೆ. ನನ್ನ ಮೊದಲ ಪ್ರಯತ್ನದಲ್ಲಿ ಆಗಿಯೇ ಬಿಟ್ಟಿತ್ತು.

'ರ‍್ಯಾಂಕ್' ಇನ್ನೊಂದು ಕಥೆ. ಇದರಲ್ಲಿ ರ ಮತ್ತು ವಿರಾಮದ (ಅರ್ಧಾಕ್ಷರ ಮಾಡುವ ಚಿಹ್ನೆ) ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಕೂತಿರುತ್ತದೆ. ಪಠ್ಯ ಶುಚಿ ಮಾಡಲು ನಾನೇ ಬರೆದ ಸಣ್ಣ ಸ್ಕ್ರಿಪ್ಟು 'ಕಾಣದ ಕಸ' ಅಂತ ಅದನ್ನೂ ಗುಡಿಸಿಹಾಕಿತು. ಎಲ್ಲ ರ‍್ಯಾಂಕುಗಳೂ ಅರ್ಕಾವತ್ತಿನ 'ರ್ಯಾಂಕ್' ಆದವು. ಸ್ಕ್ರಿಪ್ಟಿನಿಂದ ಆ ಸಾಲು ಕಿತ್ತೆ.

ಪುಟ ಕಟ್ಟುವ ಕೆಲಸ ಬೇಗ ಮುಗಿಯಿತು. ಸಣ್ಣ ಚಿಹ್ನೆಗಳಿಂದಲೇ ಶೀರ್ಷಿಕೆ ಮುಂತಾದವನ್ನು ಗುರುತಿಸುವ ಬರವಣಿಗೆಯ ರೀತಿಗೆ ಮಾರ್ಕ್‌ಡೌನ್ ಎಂಬ ಹೆಸರಿದೆ, ಲೇಖಕರಿಗೆ ಅದನ್ನು ಹೇಳಲೇ ಇಲ್ಲ. "ಶೀರ್ಷಿಕೆಯ ಮುಂದೆ ಒಂದು ಹ್ಯಾಶ್ ಹಾಕಿ" ಅಂದೆ, ಹಾಕಿದರು. ಪ್ಯಾಡಿನಿಂದ ಬರೀ ಪಠ್ಯ ಇಳಿಸಿ, ಪ್ಯಾಂಡಾಕ್ ಎಂಬ ಪರಿವರ್ತಕಕ್ಕೆ ಕೊಟ್ಟರೆ ಬ್ರೌಸರ್ ಓದುವ ಎಚ್‌ಟಿಎಂಎಲ್ ಸಿಕ್ಕಿತು. ಈ ಪ್ಯಾಂಡಾಕ್ ಬರೆದವರು ಬರ್ಕ್ಲಿಯ ತತ್ವಶಾಸ್ತ್ರದ ಪ್ರಾಧ್ಯಾಪಕ ಜಾನ್ ಮ್ಯಾಕ್‌ಫಾರ್ಲೇನ್, ನಮ್ಮ ಮಾಷ್ಟ್ರಿಗೆ ಈ ಸುದ್ದಿ ಬಹಳ ಇಷ್ಟವಾಯಿತು. ಕನ್ನಡದ ಒತ್ತಕ್ಷರಗಳನ್ನು ಬ್ರೌಸರ್ ಹೇಗೂ ಸರಿಯಾಗಿ ಕೂರಿಸುತ್ತದೆ, ಮತ್ತೆ ಬೇರೆ ಕಡೆ ಯಾಕೆ ಪರದಾಡಬೇಕು ಅಲ್ವಾ? ಬ್ರೌಸರ್‌ನಲ್ಲೇ ಪುಟ ಕಟ್ಟುವ ಪೇಜ್ಡ್ ಜೆಎಸ್ ಹಾಕಿ, ಆ ಎಚ್‌ಟಿಎಂಎಲ್ ಅನ್ನೇ ಪುಟಗಳಾಗಿ ಮುರಿದು, ಪುಟಸಂಖ್ಯೆ ಕೂರಿಸಿ, ನೋಟೋ ಸೆರಿಫ್ ಕನ್ನಡ ಫಾಂಟಿನಲ್ಲಿ ಪಿಡಿಎಫ್ ತೆಗೆದೆ. ಪ್ರೆಸ್ಸಿನವರು ಮಾತ್ರ, "ಇದು ಆರ್‌ಜಿಬಿ, ಪರದೆಯ ಬಣ್ಣದ ಲೆಕ್ಕ, ಅಚ್ಚಿನಲ್ಲಿ ಕಪ್ಪು ಅಕ್ಷರ ನಾಲ್ಕು ಬಣ್ಣದಲ್ಲಿ ಒಡೆಯುತ್ತೆ" ಅಂದರು. ಘೋಸ್ಟ್‌ಸ್ಕ್ರಿಪ್ಟ್ ಎಂಬ ತಂತ್ರಾಂಶದಿಂದ ಗ್ರೇಸ್ಕೇಲ್, ಅಂದರೆ ಬರೀ ಕಪ್ಪು-ಬೂದು, ಮಾಡಿ ಕೊಟ್ಟ ಮೇಲೆ ಒಪ್ಪಿದರು.

ಸಂಚಿಕೆ ಬಿಡುಗಡೆಯ ದಿನ ನಮ್ಮ ಕಾರ್ಯದರ್ಶಿಗಳು ಪುಟ ತಿರುಗಿಸುತ್ತಾ ಒಂದು ಕಡೆ ನಿಂತರು. ಅವರದೇ ಫೋಟೋ. ಕೆಳಗೆ, ಹೆಸರಿನ ಮುಂದೆ, 'ಕಾಯರ್ದಶಿರ್'. ಲೇಖನಗಳೆಲ್ಲ ಪ್ಯಾಡಿನ ದಾರಿಯಲ್ಲಿ ಬಂದಿದ್ದವು. ಫೋಟೋ ಅಡಿಬರಹಗಳನ್ನು ಮಾತ್ರ ಕೊನೆಯ ರಾತ್ರಿ ಹಳೆಯ ಪರಿವರ್ತಕದಲ್ಲಿ ತಿರುಗಿಸಿ ಯಾರೋ ವಾಟ್ಸಾಪ್ ಮಾಡಿದ್ದರು, ನಾನು ಹಾಗೇ ಅಂಟಿಸಿದ್ದೆ.