ವಯಸ್ಸಾದೋರು ಫ್ಲೂ ಸೂಜಿ ಯಾಕ ಬ್ಯಾಡಂತಾರ, ನಾ ಹೆಂಗ ಒಪ್ಪಿಸ್ತೀನಿ

ಕಾರಟಗಿ ಕಡೆ ಸಣ್ಣ ಕ್ಲಿನಿಕ್ ನಡೆಸ್ತೀನಿ, ಬರೋರಾಗ ಹೆಚ್ಚಿನೋರು ಬಿಪಿ, ಶುಗರ್, ದಮ್ಮು ಇರೋ ವಯಸ್ಸಾದ ಮಂದಿ. ಇವರಿಗೆ ಫ್ಲೂ ಲಸಿಕೆ ಬೇಕು ಅಂತ ಡಾಕ್ಟ್ರಿಗೆಲ್ಲಾ ಗೊತ್ತೈತಿ, ಆದ್ರ ಅವರು ಯಾಕ ಬ್ಯಾಡಂತಾರ ಅಂತ ಕುಂತು ಕೇಳೋರು ಕಡಿಮಿ.

ಹೆದರಿಕಿ ಐತಿ, ಇಲ್ಲ ಅನ್ನಂಗಿಲ್ಲ. ಕೋವಿಡ್ ಟೈಮಿನಾಗ ಲಸಿಕೆ ಬಗ್ಗೆ ವಾಟ್ಸಾಪ್‌ನಾಗ ಬಂದ ಸುಳ್ಳು ಸುದ್ದಿ ಇನ್ನೂ ತಲ್ಯಾಗ ಕುಂತೈತಿ. ಆದ್ರ ಇದು ಸತ್ತ ವೈರಸ್ಸಿಂದ ಮಾಡಿದ್ದು, ಇದರಿಂದ ಫ್ಲೂ ಬರಂಗಿಲ್ಲ, ತೋಳು ಒಂದೆರಡು ದಿನ ನೋಯತೈತಿ, ಮೈ ಸ್ವಲ್ಪ ಬಿಸಿ ಆಗಬಹುದು ಅಂತ ಸಮಾಧಾನದಿಂದ ಹೇಳಿದ್ರ ಬಹಳಷ್ಟು ಮಂದಿ ಕೇಳ್ತಾರ. ನಿಜವಾದ ಅಡ್ಡಿ ಬ್ಯಾರೆ. "ನನಗ್ಯಾಕ್ರಿ ಡಾಕ್ಟ್ರ, ಇವತ್ತೋ ನಾಳೆನೋ ಹೋಗೋ ಜೀವ, ಹುಡುಗ್ರಿಗೆ ಯಾಕ ಸುಮ್ನ ಖರ್ಚು" ಅಂತಾರ. ಈ ಮಾತು ಕೇಳಿದಾಗೆಲ್ಲಾ ನನಗ ಸಂಕಟ ಆಗತೈತಿ, ಯಾಕಂದ್ರ ಅವರು ಹೇಳೋದ್ರಾಗ ಲೆಕ್ಕ ಐತಿ. ಸರ್ಕಾರದ ಲಸಿಕಾ ಕಾರ್ಯಕ್ರಮದಾಗ ವಯಸ್ಸಾದೋರಿಗೆ ಇದು ಫ್ರೀ ಇಲ್ಲ, ಪ್ರೈವೇಟ್‌ನಾಗ 1500 ರೂಪಾಯಿ ಮ್ಯಾಲೆ ಆಗತೈತಿ, ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ ಬರೋದ 1200. ಒಂದು ತಿಂಗಳ ಪಿಂಚಣಿ ಪೂರ್ತಿ ಕೊಟ್ರೂ ಸಾಲಂಗಿಲ್ಲ! ಇದನ್ನ ಪಿಎಚ್‌ಸಿನಾಗ ಪುಕ್ಕಟೆ ಕೊಡಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಅಲ್ಲೀತನಕ ಏನ್ ಮಾಡೋದು? ರೊಕ್ಕ ಕೊಡೋರು ಮಗ ಇಲ್ಲಾ ಮಗಳು, ಬೆಂಗಳೂರಾಗೋ ಗಂಗಾವತಿನಾಗೋ ಇರ್ತಾರ. ಅಜ್ಜಾರನ್ನ ಕೇಳಿ, ಅವರು ಹೂಂ ಅಂದ್ರ ಅವರ ಮುಂದನ ಸ್ಪೀಕರ್ ಹಾಕಿ ಫೋನ್ ಮಾಡ್ತೀನಿ. 2018ರಾಗ ಬಂದ ಕೆನಡಾದ ಅಧ್ಯಯನ ಹೇಳ್ತೀನಿ, ಫ್ಲೂ ಖಾತ್ರಿ ಆದ ಮೊದಲನೇ 7 ದಿನದಾಗ ಹಾರ್ಟ್ ಅಟ್ಯಾಕ್ ಆಗೋ ಸಂಭವ ಬ್ಯಾರೆ ದಿನಕ್ಕಿಂತ ಸುಮಾರು 6 ಪಟ್ಟು ಇತ್ತು ಅಂತ. ಫ್ಲೂ ಅಂದ್ರ ಬರೀ ನೆಗಡಿ ಅಂದ್ಕೊಂಡ ಮಕ್ಕಳು ಇಲ್ಲಿ ಸುಮ್ನಾಗಿ ಕೇಳ್ತಾರ. ಸೂಜಿ ಹಾಕಿದ್ರ ಫ್ಲೂ ಬರಂಗೇ ಇಲ್ಲ ಅಂತ ಮಾತ್ರ ಹೇಳಂಗಿಲ್ಲ ನಾ, ವಯಸ್ಸಾದೋರಿಗೆ ಅದರ ಕಸುವು ಸ್ವಲ್ಪ ಕಡಿಮಿನ, ಆದ್ರ ಅಡ್ಮಿಟ್ ಆಗೋ ಮಟ್ಟಕ್ಕ ಹೋಗೋದು ಕಡಿಮಿ ಆಗತೈತಿ.

ಗ್ವಾಡಿಗೆ ಪೋಸ್ಟರ್ ಹಚ್ಚಿದ್ರ ಯಾರೂ ಓದಂಗಿಲ್ಲ. ಬಿಪಿ ನೋಡ್ಕೋತ, "ಅಮ್ಮಾರ, ಈ ಸಲ ಇದನ್ನ ಹಾಕಿಸ್ಕೊಳ್ರಿ, ನಮ್ಮವ್ವಗೂ ಹಾಕೀನಿ" ಅಂದ್ರ ಅದ ನಾಟತೈತಿ, ದಿನಾ ನೋಡೋ ಡಾಕ್ಟ್ರ ಬಾಯಿಂದ ಬಂದ ಮಾತಿಗೆ ಬೆಲಿ ಐತಿ. "ಹೋದ ವರ್ಷ ಹಾಕಿಸ್ಕೊಂಡೀನಲ್ರಿ" ಅಂದ್ರ ಭತ್ತದ ಮಾತು ತೆಗೀತೀನಿ: ಹುಳ ಬದಲಾದಂಗ ಔಷಧಿ ಬದಲಿಸ್ತೀರಲ್ಲ, ಈ ವೈರಸ್ಸೂ ಬದಲಾಗತೈತಿ, ಹೋದ ವರ್ಷದ ಶಕ್ತಿನೂ ಇಳಿದಿರತೈತಿ.

ಮೇ ತಿಂಗಳದಾಗ ಮಾತು ಶುರು ಮಾಡ್ತೀನಿ. ನಮ್ಮ ಕಡೆ ಮಳಿಗಾಲದಾಗ ಫ್ಲೂ ಜೋರು, ಸೂಜಿ ಕೆಲಸ ಮಾಡಾಕ ಎರಡು ವಾರ ಬೇಕು. ಎರಡನೇ ಬೆಳಿ ಬಂದ ವರ್ಷ ಆಗ ಕೈಯಾಗ ನಾಲ್ಕು ರೊಕ್ಕನೂ ಇರತೈತಿ, ಜೂನ್ ದಾಟಿದ್ರ ಬೀಜ, ಗೊಬ್ಬರಕ್ಕ ಹೋಗಿಬಿಡತೈತಿ. ಕರೆಂಟ್ ಹೋಗೋದು ಬರೋದು ಇರೋದ್ರಿಂದ ಸ್ಟಾಕ್ ಇಡಂಗಿಲ್ಲ, 2ರಿಂದ 8 ಡಿಗ್ರಿನಾಗ ಇಡಬೇಕಲ್ಲ, ಒಪ್ಪಿದೋರ ಹೆಸರು ಬರ್ಕೊಂಡು ಅಷ್ಟ ತರಿಸ್ತೀನಿ.

ಹಾಸಿಗಿ ಹಿಡಿದೋರಿದ್ರ ಐಸ್ ಪ್ಯಾಕ್ ಡಬ್ಬಿನಾಗ ಇಟ್ಕೊಂಡು ಮನಿಗೇ ಹೋಗ್ತೀನಿ. ಸೂಜಿ ಐಸಿಗೆ ನೇರ ತಾಗದಂಗ ನೋಡ್ಕೋಬೇಕು, ಲಸಿಕೆ ಹೆಪ್ಪುಗಟ್ಟಿದ್ರ ಕೆಲಸಕ್ಕ ಬರಂಗಿಲ್ಲ. ಅವತ್ತ ಜ್ವರ ಜೋರಿದ್ರ ಮುಂದ ಹಾಕ್ತೀನಿ, ಅವರನ್ನ ನೋಡ್ಕೊಳ್ಳೋ ಸೊಸಿಗೂ ಹಾಕಿಸ್ಕೋ ತಂಗಿ ಅಂತೀನಿ, ಮನಿಯೊಳಗ ಫ್ಲೂ ತರೋದು ಹೊರಗ ತಿರುಗಾಡೋರ.