ಕೆಂಪು ಕಾರ್ಡ್ ಎಲ್ಲಿರಬೇಕು: ಸಣ್ಣ ಮಷೀನ್ ಶಾಪ್‌ಗೆ ಲೀನ್ ಪೂರೈಕೆಯ ಲೆಕ್ಕಾಚಾರ

ವಾಹನದ ಬಿಡಿಭಾಗ ಮಾಡುವ ಸಣ್ಣ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಮಷೀನ್) ಶಾಪ್‌ಗಳಲ್ಲಿ, ಪೀಣ್ಯ ಆಗಲಿ ಬೊಮ್ಮಸಂದ್ರ ಆಗಲಿ, ಸಾಮಾನ್ಯವಾಗಿ ಎರಡು ದೃಶ್ಯ ಒಟ್ಟಿಗೇ ಕಾಣುತ್ತವೆ. ಮಷೀನ್‌ಗಳ ನಡುವೆ ಅರ್ಧ ಕೆಲಸವಾದ ಪೀಸ್‌ಗಳ ಕ್ರೇಟ್ ಕಾಲಿಡಲು ಜಾಗವಿಲ್ಲದಷ್ಟು ಪೇರಿಸಿರುತ್ತದೆ. ಇನ್ನೊಂದು ಕಡೆ ಮೂರು ರೂಪಾಯಿಯ ಒ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಉಂಗುರ) ಬಂದಿಲ್ಲವೆಂದು ಡಿಸ್ಪ್ಯಾಚ್ ನಿಂತಿರುತ್ತದೆ. ಸ್ಟಾಕ್ ಬೇಕಾದಷ್ಟಿದೆ, ಇರಬೇಕಾದ ಕಡೆ ಇಲ್ಲ. ಲೀನ್ ಎಂಬುದು ಟೊಯೋಟಾ ಬೆಳೆಸಿದ, ವ್ಯರ್ಥ ಕಳೆಯುವ ಉತ್ಪಾದನಾ ಪದ್ಧತಿ. ಅದೆಂದರೆ ಸ್ಟಾಕ್ ಶೂನ್ಯ ಮಾಡುವುದು ಎಂದು ತಿಳಿದವರು ಕ್ರೇಟ್ ಬಿಟ್ಟು ಒ-ರಿಂಗನ್ನೇ ಕಡಿಮೆ ಮಾಡುತ್ತಾರೆ, ಆಮೇಲೆ ಲೀನ್ ನಮ್ಮ ದೇಶಕ್ಕೆ ಆಗಿಬರುವುದಿಲ್ಲ ಎನ್ನುತ್ತಾರೆ. ಮಾಡಬೇಕಾದ್ದು ಬೇರೆ: ಕ್ರೇಟ್‌ಗಳಲ್ಲಿ ಸಿಕ್ಕಿಕೊಂಡ ದುಡ್ಡನ್ನು ಬಿಡಿಸಿ, ಅದರಲ್ಲಿ ಒಂದು ಪಾಲನ್ನು ಅಪಾಯ ಇರುವ ಜಾಗದಲ್ಲಿ ಸ್ಟಾಕ್ ಆಗಿ ಇಡುವುದು. ಈ ಮೀಸಲಿನ ಗುರುತೇ ಕೆಂಪು ಕಾರ್ಡ್.

ಈ ಪಾಠವನ್ನು ಟೊಯೋಟಾ ಕೂಡ ಪೆಟ್ಟು ತಿಂದೇ ಕಲಿತಿದ್ದು. 1997ರ ಫೆಬ್ರುವರಿ 1ರಂದು ಜಪಾನಿನ ಕರಿಯಾದಲ್ಲಿ ಐಸಿನ್ ಕಾರ್ಖಾನೆಗೆ ಬೆಂಕಿ ಬಿತ್ತು. ಬ್ರೇಕ್‌ಗೆ ಬೇಕಾದ ಪಿ-ವಾಲ್ವ್ ಎಂಬ ಸಣ್ಣ ಭಾಗ ಟೊಯೋಟಾಕ್ಕೆ ಹೆಚ್ಚುಕಡಿಮೆ ಪೂರ್ತಿ ಅಲ್ಲಿಂದಲೇ ಬರುತ್ತಿತ್ತು. ಕೈಯಲ್ಲಿದ್ದದ್ದು ಕೆಲವು ಗಂಟೆಗಳ ಸ್ಟಾಕ್ ಮಾತ್ರ. ಜಪಾನಿನ ಕಾರ್ಖಾನೆಗಳು ಸಾಲಾಗಿ ನಿಂತವು. ಆದರೆ ಹೊಲಿಗೆ ಯಂತ್ರಕ್ಕೆ ಹೆಸರಾದ ಬ್ರದರ್ ಸೇರಿದಂತೆ ಹಲವು ಕಂಪನಿಗಳು ಡ್ರಾಯಿಂಗ್ ಪಡೆದು ತಮ್ಮ ಮಷೀನ್‌ಗಳಲ್ಲೇ ವಾಲ್ವ್ ಮಾಡಿಕೊಟ್ಟದ್ದರಿಂದ ಕೆಲವೇ ದಿನಗಳಲ್ಲಿ ಲೈನ್‌ಗಳು ಮತ್ತೆ ಓಡಿದವು. 2011ರ ಭೂಕಂಪ, ಸುನಾಮಿಯ ನಂತರ ಟೊಯೋಟಾ ಚಿಪ್‌ಗಳ ವಿಷಯದಲ್ಲಿ ಇನ್ನೂ ಮುಂದೆ ಹೋಗಿ, 2ರಿಂದ 6 ತಿಂಗಳ ಸ್ಟಾಕ್ ಇಟ್ಟುಕೊಳ್ಳುವಂತೆ ಸರಬರಾಜುದಾರರಿಗೆ ಹೇಳಿತು. 2021ರ ಆರಂಭದಲ್ಲಿ ಬೇರೆ ಕಂಪನಿಗಳು ಚಿಪ್ ಇಲ್ಲದೆ ಕೂತಾಗ ಅದು ಹೆಚ್ಚು ದಿನ ತಾಳಿತು. ಕೊನೆಗೆ ಅದರ ಉತ್ಪಾದನೆಗೂ ಕತ್ತರಿ ಬಿತ್ತು ಎನ್ನುವುದೂ ನಿಜ. ಬಫರ್, ಅಂದರೆ ಇಂಥ ಮೀಸಲು ಸ್ಟಾಕ್, ಸಮಯ ಕೊಡುತ್ತದೆ ಅಷ್ಟೆ, ಆ ಸಮಯದಲ್ಲಿ ನೀವೇನು ಮಾಡುತ್ತೀರಿ ಎಂಬುದು ಬೇರೆ ಕೆಲಸ.

ಮೊದಲು ಒಂದೇ ಪಾರ್ಟ್ ಹಿಡಿಯಿರಿ

ಎಲ್ಲ ಪಾರ್ಟ್‌ಗಳಿಗೂ ಒಮ್ಮೆಲೇ ಕೈ ಹಾಕಬೇಡಿ. ಅತಿ ಹೆಚ್ಚು ಓಡುವ ಒಂದನ್ನು ಆರಿಸಿ, ಅದರ ದಾರಿಯನ್ನು ದೊಡ್ಡ ಹಾಳೆಯ ಮೇಲೆ ಬರೆಯಿರಿ: ಫೋರ್ಜಿಂಗ್ ಬ್ಲ್ಯಾಂಕ್ (ಬಡಿದು ಆಕಾರ ಕೊಟ್ಟ ಕಚ್ಚಾ ತುಂಡು), ಟರ್ನಿಂಗ್, ಡ್ರಿಲ್ಲಿಂಗ್, ಮಿಲ್ಲಿಂಗ್, ಹೊರಗೆ ಹೀಟ್ ಟ್ರೀಟ್‌ಮೆಂಟ್, ಗ್ರೈಂಡಿಂಗ್, ಮತ್ತೆ ಹೊರಗೆ ಪ್ಲೇಟಿಂಗ್, ಪ್ಯಾಕಿಂಗ್. ಪ್ರತಿ ಹಂತದ ಕೆಳಗೆ ಇವತ್ತು ಎಷ್ಟು ಪೀಸ್ ಇದೆ ಎಂದು ಎಣಿಸಿ ಬರೆಯಿರಿ. ಕಂಪ್ಯೂಟರ್ ನೋಡಿ ಬರೆಯಬೇಡಿ, ಕ್ರೇಟ್ ನೋಡಿ ಬರೆಯಿರಿ. ಆ ಸಂಖ್ಯೆಯನ್ನು ದಿನದ ಬಳಕೆಯಿಂದ ಭಾಗಿಸಿದರೆ ಅಲ್ಲಿ ಎಷ್ಟು ದಿನದ ಸ್ಟಾಕ್ ಇದೆ ಎಂದು ಗೊತ್ತಾಗುತ್ತದೆ.

ಲೀಡ್ ಟೈಮನ್ನು, ಅಂದರೆ ಆರ್ಡರ್ ಹಾಕಿದಾಗಿನಿಂದ ಮಾಲು ಬರುವವರೆಗಿನ ದಿನಗಳನ್ನು, ಕೊಟೇಶನ್‌ನಿಂದ ಎತ್ತಬೇಡಿ. ಅಲ್ಲಿ 5 ದಿನ ಎಂದಿರುತ್ತದೆ. ಕಳೆದ ಆರು ತಿಂಗಳ ಆರ್ಡರ್ ದಿನಾಂಕ ಮತ್ತು ಮಾಲು ಒಳಬಂದ ಚಲನ್ ದಿನಾಂಕ ಪಕ್ಕಪಕ್ಕ ಇಟ್ಟು ಸರಾಸರಿ ಎಷ್ಟು, ಅತಿ ಹೆಚ್ಚು ಎಷ್ಟು ಎಂದು ತೆಗೆಯಿರಿ. ಮೀಸಲಿನ ಲೆಕ್ಕಕ್ಕೆ ಕೆಲಸಕ್ಕೆ ಬರುವುದು ಈ ಎರಡನೆಯ ಸಂಖ್ಯೆ.

ಕ್ರೇಟ್‌ನಿಂದ ದುಡ್ಡು ಬಿಡಿಸುವುದು

ಮಷೀನ್‌ಗಳ ನಡುವೆ ಸ್ಟಾಕ್ ಬೆಳೆಯಲು ಮುಖ್ಯ ಕಾರಣ ಸೆಟ್ಟಿಂಗ್ ಸಮಯ, ಅಂದರೆ ಒಂದು ಪಾರ್ಟ್ ಮುಗಿದ ಮೇಲೆ ಇನ್ನೊಂದಕ್ಕೆ ಮಷೀನ್ ಸಜ್ಜು ಮಾಡುವ ಸಮಯ. ಒಂದು ಸೆಟ್ಟಿಂಗ್‌ಗೆ 90 ನಿಮಿಷ ಹೋದರೆ ಯಾರಿಗಾದರೂ 1,200 ಪೀಸ್ ಒಟ್ಟಿಗೆ ಓಡಿಸೋಣ ಅನಿಸುತ್ತದೆ. ದಿನಕ್ಕೆ 240 ಪೀಸ್ ಬೇಕಾದ ಪಾರ್ಟ್‌ಗೆ ಅದು 5 ದಿನದ ಬ್ಯಾಚ್. ಮೂರು ಆಪರೇಷನ್‌ಗಳ ಬಳಿ ಒಂದೊಂದು ಬ್ಯಾಚ್ ನಿಂತರೆ 3,600 ಪೀಸ್ ನೆಲದ ಮೇಲೆ. ಮೊದಲ ಆಪರೇಷನ್‌ನಲ್ಲಿ ಆದ ತಪ್ಪು ಮೂರನೆಯದರಲ್ಲಿ ಕಾಣುವ ಹೊತ್ತಿಗೆ ಸಾವಿರಾರು ಪೀಸ್ ಕೆಟ್ಟಿರಬಹುದು. ಆ ರಿಜೆಕ್ಷನ್ ಕೂಡ ಪೂರೈಕೆ ನಿಲ್ಲಲು ಕಾರಣವೇ, ಬೆಂಕಿ ಪ್ರವಾಹ ಮಾತ್ರ ಅಲ್ಲ.

ಸೆಟ್ಟಿಂಗ್ ನಡೆಯುವಾಗ ಮೊಬೈಲ್‌ನಲ್ಲಿ ಪೂರ್ತಿ ವೀಡಿಯೋ ತೆಗೆಯಿರಿ. ನೋಡಿದರೆ ಸಮಯ ಹೋಗುವುದು ಬೋಲ್ಟ್ ಬಿಗಿಯುವುದರಲ್ಲಲ್ಲ. ಇನ್ಸರ್ಟ್ (ಟೂಲ್‌ನ ಕತ್ತರಿಸುವ ತುದಿ) ಹುಡುಕಲು, ಗೇಜ್ ತರಲು, ಪ್ರೋಗ್ರಾಂ ಹಾಕಲು, ಮೊದಲ ಪೀಸನ್ನು ಕ್ವಾಲಿಟಿಯವರು ಪಾಸ್ ಮಾಡುವವರೆಗೆ ಕಾಯಲು. ಇವೆಲ್ಲ ಹಿಂದಿನ ಕೆಲಸ ಓಡುತ್ತಿರುವಾಗಲೇ ಮುಗಿಯಬೇಕಾದವು. ಪಾರ್ಟ್‌ಗೊಂದು ಟ್ರಾಲಿ ಮಾಡಿ, ಟೂಲ್, ಇನ್ಸರ್ಟ್, ಜಾ, ಗೇಜ್, ಡ್ರಾಯಿಂಗ್ ಎಲ್ಲ ಅದರಲ್ಲೇ ಇರಲಿ. ಸಾಫ್ಟ್ ಜಾ, ಅಂದರೆ ಚಕ್‌ನಲ್ಲಿ ಪೀಸ್ ಹಿಡಿಯುವ ಮೆದು ಲೋಹದ ದವಡೆಗಳಿಗೆ 1, 2, 3 ಎಂದು ಪಂಚ್ ಹೊಡೆದು ಪ್ರತಿ ಸಲ ಚಕ್‌ನ ಅದೇ ಸ್ಥಾನಕ್ಕೆ, ಅದೇ ಸೆರೇಷನ್‌ಗೆ (ಹಲ್ಲಿನ ಗೆರೆಗೆ) ಕೂರಿಸಿದರೆ ಪೂರ್ತಿ ಬೋರಿಂಗ್ ಬೇಡ, ರನ್‌ಔಟ್ (ತಿರುಗುವಾಗಿನ ಓಲಾಟ) ನೋಡಿ ಹಗುರ ಕಟ್ ಸಾಕು. ಸ್ಥಾನ ಅದಲುಬದಲಾದರೆ ಈ ಲಾಭ ಇಲ್ಲ.

90 ನಿಮಿಷ 20ಕ್ಕೆ ಬಂತೆಂದುಕೊಳ್ಳಿ. ಈಗ ಬ್ಯಾಚ್ 300 ಮಾಡಬಹುದು. 5 ದಿನಕ್ಕೆ 4 ಸೆಟ್ಟಿಂಗ್, ಒಟ್ಟು 80 ನಿಮಿಷ, ಮೊದಲಿಗಿಂತ 10 ನಿಮಿಷ ಕಡಿಮೆಯೇ. ನೆಲದ ಮೇಲಿನ ಸ್ಟಾಕ್ 3,600ರಿಂದ 900ಕ್ಕೆ ಇಳಿಯುತ್ತದೆ. ಪೀಸ್‌ಗೆ ಸರಾಸರಿ 120 ರೂಪಾಯಿ ಲೆಕ್ಕ ಹಾಕಿದರೆ 2,700 ಪೀಸ್, ಅಂದರೆ 3,24,000 ರೂಪಾಯಿ ಕೈಗೆ ಬಂತು. ಬ್ಯಾಂಕಿಗೆ ಹೋಗದೆ ಬಫರ್‌ಗೆ ಬಂಡವಾಳ ಸಿಗುವುದು ಹೀಗೆ. ಸೆಟ್ಟಿಂಗ್ ಇಳಿಸದೆ ಬ್ಯಾಚ್ ಮಾತ್ರ ಇಳಿಸಿದರೆ ಮಷೀನ್ ಸಮಯವೇ ಸಾಲದೆ ನೀವೇ ಗ್ರಾಹಕರ ಲೈನ್ ನಿಲ್ಲಿಸುತ್ತೀರಿ. ಈ ಎರಡರ ಕ್ರಮ ತಪ್ಪಬಾರದು.

ಕಾರ್ಡ್‌ಗಳ ಲೆಕ್ಕ

ಈಗ ಬ್ಲ್ಯಾಂಕ್‌ಗೆ ಕಾನ್‌ಬಾನ್ ಕಾರ್ಡ್ ಕಟ್ಟೋಣ. ಬಿನ್‌ಗೊಂದು ಕಾರ್ಡ್; ಬಿನ್ ಬಳಕೆಯಾದಾಗ ಅದರ ಕಾರ್ಡ್ ಸರಬರಾಜುದಾರನಿಗೆ ಹೋಗುತ್ತದೆ, ಅದೇ ಹೊಸ ಬಿನ್‌ಗೆ ಆರ್ಡರ್. ದಿನದ ಬಳಕೆ 240, ಸರಾಸರಿ ಲೀಡ್ ಟೈಮ್ 5 ಕೆಲಸದ ದಿನ, ಒಂದು ಬಿನ್‌ಗೆ 60 ಪೀಸ್. 240ನ್ನು 5ರಿಂದ ಗುಣಿಸಿ 60ರಿಂದ ಭಾಗಿಸಿದರೆ 20 ಕಾರ್ಡ್. ಇದು ಓಡುವ ಸ್ಟಾಕ್. ಹಸಿರು ಕಾರ್ಡ್ ಎನ್ನೋಣ.

ಇದಕ್ಕೆ ಕಣ್ಣುಮುಚ್ಚಿ ಶೇಕಡಾ 20 ಸೇರಿಸುವ ರೂಢಿ ಇದೆ. ಅದರಿಂದ ಸಿಗುವುದು 4 ಬಿನ್, ಅಂದರೆ ಒಂದೇ ದಿನದ ರಕ್ಷಣೆ. ಆದರೆ ಚಲನ್ ನೋಡಿದರೆ ಅದೇ ಸರಬರಾಜುದಾರ 8 ದಿನ ತೆಗೆದುಕೊಂಡ ದಾಖಲೆ ಇದೆ, ಆ ದಿನಗಳಲ್ಲಿ ಬಳಕೆ 280ಕ್ಕೆ ಏರಿದ್ದೂ ಇದೆ. ಹಾಗಾಗಿ ಹೀಗೆ ಲೆಕ್ಕ ಹಾಕಿ: ಅತಿ ಹೆಚ್ಚಿನ ಬಳಕೆಯನ್ನು ಅತಿ ಹೆಚ್ಚಿನ ಲೀಡ್ ಟೈಮ್‌ನಿಂದ ಗುಣಿಸಿ, ಅದರಿಂದ ಸರಾಸರಿಗಳ ಗುಣಲಬ್ಧ ಕಳೆಯಿರಿ. 2,240ರಲ್ಲಿ 1,200 ಕಳೆದರೆ 1,040 ಪೀಸ್, ಬಿನ್ ಲೆಕ್ಕದಲ್ಲಿ 18. ಇವು ಕೆಂಪು ಕಾರ್ಡ್. ಬ್ಲ್ಯಾಂಕ್ 90 ರೂಪಾಯಿಯಾದರೆ 18 ಬಿನ್‌ಗೆ 97,200 ರೂಪಾಯಿ. ಕ್ರೇಟ್‌ಗಳಿಂದ ಬಂದ ಹಣದ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ.

ಕೆಂಪು ಕಾರ್ಡ್ ಮೀಸಲು, ಮಾಲು ಮೀಸಲಲ್ಲ. ಹೊಸದಾಗಿ ಬಂದ ಬಿನ್ ಕೆಂಪಿಗೆ ಹೋಗಲಿ, ಕೆಂಪಿನಲ್ಲಿದ್ದ ಹಳೆಯದು ಹಸಿರಿಗೆ ಬರಲಿ. ಹೀಗೆ ತಿರುಗಿಸದಿದ್ದರೆ ಮಳೆಗಾಲದಲ್ಲಿ ಬ್ಲ್ಯಾಂಕ್ ತುಕ್ಕು ಹಿಡಿಯುತ್ತದೆ, ರಬ್ಬರ್ ಒ-ರಿಂಗ್ ಬಿಸಿಲಿಗೆ, ವೆಲ್ಡಿಂಗ್ ಜಾಗದ ಓಝೋನ್‌ಗೆ ಬಿರುಕು ಬಿಡುತ್ತದೆ. ಬೇಕಾದ ದಿನ ಬಫರ್ ತೆರೆದರೆ ಗುಜರಿ ಸಿಕ್ಕಿತೆನ್ನುವ ದೂರು ಬರುವುದು ಇಲ್ಲಿಂದಲೇ.

ಬಫರ್ ಅಪಾಯದ ಯಾವ ಮಗ್ಗುಲಲ್ಲಿ?

ಹೆಚ್ಚಿನವರು ಎಡವುವುದು ಇಲ್ಲಿ. ಸ್ಟೋರ್ ತುಂಬ ಬ್ಲ್ಯಾಂಕ್ ಇಟ್ಟುಕೊಂಡು ನಿಶ್ಚಿಂತೆಯಿಂದಿರುತ್ತಾರೆ, ಹೀಟ್ ಟ್ರೀಟ್‌ಮೆಂಟ್ ಫರ್ನೇಸ್ ಕೆಡುತ್ತದೆ. ಆಗ ಆ ಬ್ಲ್ಯಾಂಕ್‌ಗಳಿಂದ ಏನೂ ಪ್ರಯೋಜನವಿಲ್ಲ. ಬಫರ್ ಇರಬೇಕಾದ್ದು ಅಪಾಯದ ಹಂತ ದಾಟಿದ ಮೇಲೆ, ನಿಮ್ಮ ಗ್ರಾಹಕರ ಕಡೆಗೆ.

ಪ್ರತಿ ಹೊರಗಿನ ಹಂತಕ್ಕೂ ಎರಡು ಸಂಖ್ಯೆ ಬರೆಯಿರಿ. ಮೊದಲನೆಯದು ಚೇತರಿಕೆಯ ದಿನ: ಅದು ನಿಂತರೆ ಅಲ್ಲಿಂದಲೋ ಬೇರೆ ಕಡೆಯಿಂದಲೋ ಒಳ್ಳೆಯ ಪೀಸ್ ಬರಲು ಎಷ್ಟು ದಿನ ಬೇಕು. ಎರಡನೆಯದು ತಾಳುವ ದಿನ: ಅಲ್ಲಿಯವರೆಗೆ, ಆ ಹಂತ ದಾಟಿದ ಸ್ಟಾಕ್‌ನಿಂದ ಎಷ್ಟು ದಿನ ಡಿಸ್ಪ್ಯಾಚ್ ಮಾಡಬಹುದು. ಫರ್ನೇಸ್ ರಿಪೇರಿಗೆ 10 ದಿನ, ಒಪ್ಪಿಗೆ ಪಡೆದ ಇನ್ನೊಬ್ಬರ ಬಳಿ ಶುರು ಮಾಡಲು 4 ದಿನ, ಗ್ರೈಂಡಿಂಗ್ ಮುಂದೆ ಇರುವುದು 2 ದಿನದ ಪೀಸ್ ಎಂದಾದರೆ 2 ದಿನದ ಕಂದಕ ಇದೆ. ಅದನ್ನು ಮುಚ್ಚಲು ಹೀಟ್ ಟ್ರೀಟ್‌ಮೆಂಟ್ ಆಗಿಬಂದ 480 ಪೀಸ್ ಹೆಚ್ಚು ಇಡಿ, ಇಲ್ಲವೇ 4 ದಿನವನ್ನು 2ಕ್ಕೆ ಇಳಿಸಿ. ಒಪ್ಪಿಗೆ ಪಡೆದ ಎರಡನೆಯವರೇ ಇಲ್ಲದಿದ್ದರೆ ಕಂದಕ 8 ದಿನ, 1,920 ಪೀಸ್. ಎರಡನೆಯ ಸರಬರಾಜುದಾರನನ್ನು ತಯಾರು ಮಾಡುವ ಖರ್ಚನ್ನು ಈ ಸಂಖ್ಯೆಯ ಜೊತೆ ಹೋಲಿಸಿ, ಅವನು ಕೊಡುವ ದರದ ಜೊತೆ ಅಲ್ಲ.

ಈ ಲೆಕ್ಕವನ್ನು ಖರೀದಿ ಬೆಲೆಯ ಪ್ರಕಾರ ಎ, ಬಿ, ಸಿ ಎಂದು ವಿಂಗಡಿಸಿ ಮಾಡಬೇಡಿ. ಒ-ರಿಂಗ್, ಲೇಬಲ್, ಗ್ರಾಹಕರ ಪ್ಲಾಸ್ಟಿಕ್ ಟ್ರೇ ಎಲ್ಲ ಸಿ ಪಟ್ಟಿಯಲ್ಲಿರುತ್ತವೆ, ಲೈನ್ ನಿಲ್ಲಿಸುವುದು ಅವೇ. ಅಗ್ಗದ ಭಾಗಕ್ಕೆ ಎರಡು ತಿಂಗಳ ಸ್ಟಾಕ್ ಇಟ್ಟರೂ ಲೀನ್‌ಗೆ ಭಂಗವಿಲ್ಲ.

ಎರಡನೆಯ ಸರಬರಾಜುದಾರ

ಫೈಲ್‌ನಲ್ಲಿ ಹೆಸರಿದ್ದರೆ ಸಾಲದು. ವಾಹನ ಕಂಪನಿಗಳಿಗೆ ಹೋಗುವ ಪಾರ್ಟ್‌ನಲ್ಲಿ ಹೀಟ್ ಟ್ರೀಟ್‌ಮೆಂಟ್ ಅಥವಾ ಪ್ಲೇಟಿಂಗ್ ಮಾಡುವವರನ್ನು ಗ್ರಾಹಕರ ಒಪ್ಪಿಗೆಯಿಲ್ಲದೆ ಬದಲಿಸುವಂತಿಲ್ಲ. ತೊಂದರೆ ಬಂದ ಮೇಲೆ ಅರ್ಜಿ ಹಾಕಿದರೆ ಸ್ಯಾಂಪಲ್, ರಿಪೋರ್ಟ್, ಪರೀಕ್ಷೆ ಎಂದು ವಾರಗಳೇ ಹೋಗುತ್ತವೆ. ಸಮಾಧಾನದ ದಿನಗಳಲ್ಲೇ ಪಿಪಿಎಪಿ (ಪಾರ್ಟ್‌ಗೆ ಗ್ರಾಹಕರ ಒಪ್ಪಿಗೆ ಪಡೆಯುವ ಪ್ರಕ್ರಿಯೆ) ಮುಗಿಸಿ, ತಿಂಗಳ ಕೆಲಸದಲ್ಲಿ ಶೇಕಡಾ 20ರಿಂದ 30ನ್ನು ಅವರಿಗೆ ಕೊಡುತ್ತಿರಿ. ಬೇರೆ ಫರ್ನೇಸ್‌ನಲ್ಲಿ ಪೀಸ್ ಬಾಗುವ ರೀತಿಯೇ ಬೇರೆ, ಗ್ರೈಂಡಿಂಗ್‌ಗೆ ಬಿಟ್ಟ ಅಲೋಯನ್ಸ್ (ಹೆಚ್ಚುವರಿ ದಪ್ಪ) ಸಾಲದೇ ಹೋಗಬಹುದು. ಅದು ನಿಯಮಿತವಾಗಿ ಕೆಲಸ ಓಡಿದರೆ ಮಾತ್ರ ಗೊತ್ತಾಗುವ ವಿಷಯ.

ಇಬ್ಬರೂ ಒಂದೇ ಕಡೆಯಿಂದ ಸ್ಟೀಲ್ ತರುತ್ತಾರೆಯೇ, ಒಂದೇ ವಿದ್ಯುತ್ ಫೀಡರ್‌ನಲ್ಲಿದ್ದಾರೆಯೇ, ಒಂದೇ ಪ್ಲೇಟಿಂಗ್ ಘಟಕಕ್ಕೆ ಕಳಿಸುತ್ತಾರೆಯೇ ಎಂದು ಕೇಳಿ. ಹೌದು ಎಂದಾದರೆ ನಿಮಗಿರುವುದು ಎರಡು ಬಿಲ್, ಒಂದೇ ಮೂಲ. ಫೋರ್ಜಿಂಗ್ ಡೈ ಯಾರದ್ದು, ಅದನ್ನು ಎತ್ತಿ ಬೇರೆ ಕಡೆ ಕೊಡಲು ಕರಾರಿನಲ್ಲಿ ಅವಕಾಶವಿದೆಯೇ ಎಂದೂ ನೋಡಿ.

ಜಾಬ್ ವರ್ಕ್ ಮಾಡುವ ಸಣ್ಣವರ ವಿಷಯದಲ್ಲಿ ಪ್ರವಾಹಕ್ಕಿಂತ ದೊಡ್ಡ ಅಪಾಯ ನೀವು ಉಳಿಸಿಕೊಂಡ ಬಾಕಿ. ಗ್ಯಾಸ್‌ಗೆ, ಕರೆಂಟ್ ಬಿಲ್‌ಗೆ ದುಡ್ಡಿಲ್ಲದೆ ಫರ್ನೇಸ್ ಆರಿಸಿದರೆ ನಿಮ್ಮ ಕಾರ್ಡ್‌ಗಳು ಏನೂ ಮಾಡಲಾರವು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಲಿಖಿತ ಕರಾರಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ಮುಂಗಡ ಕೇಳಲು ಶುರು ಮಾಡಿದ್ದಾರೆ, ಹಳೆಯ ಆಪರೇಟರ್‌ಗಳು ಕಾಣುತ್ತಿಲ್ಲ, ವಾರದ ಮಾಲು ಅರ್ಧರ್ಧ ಬರುತ್ತಿದೆ ಎಂದಾದರೆ ನೀವೇ ಒಮ್ಮೆ ಅಲ್ಲಿಗೆ ಹೋಗಿ ಬನ್ನಿ.

ಆರ್ಡರ್ ಸಮ ಮಾಡುವುದು, ಕ್ಯಾಲೆಂಡರ್ ನೋಡುವುದು

ತಿಂಗಳ ಕೊನೆಯ ವಾರ ಅರ್ಧ ತಿಂಗಳ ಕೆಲಸ ಸುರಿಯುವ ಅಭ್ಯಾಸವಿದ್ದರೆ ಯಾವ ಸರಬರಾಜುದಾರನೂ ಸಮಯಕ್ಕೆ ಕೊಡಲಾರ. ಗ್ರಾಹಕರ ಶೆಡ್ಯೂಲನ್ನು ವಾರಗಳಿಗೆ ಸಮನಾಗಿ ಹಂಚಿ, ಕಾರ್ಡ್‌ಗಳನ್ನು ದಿನವೂ ಒಂದೇ ಹೊತ್ತಿಗೆ ಕಳಿಸಿ. ಒಂದೇ ಟೆಂಪೊ ಗೊತ್ತಾದ ದಾರಿಯಲ್ಲಿ ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್, ಪ್ಯಾಕಿಂಗ್‌ನವರ ಬಳಿ ಸುತ್ತಿ ಬಂದರೆ ಮಾಲು ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ಅದೇ ದಿನ ತಿಳಿಯುತ್ತದೆ.

ಕೆಲವು ಅಡಚಣೆಗಳು ಮೊದಲೇ ಗೊತ್ತಿರುವಂಥವು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಮಂಗಳೂರಿನ ದಾರಿ ಬಂದ್ ಆಗುತ್ತದೆ. ದೀಪಾವಳಿ, ಛಠ್ ಹೊತ್ತಿಗೆ ಉತ್ತರದ ಕಾರ್ಮಿಕರು ಊರಿಗೆ ಹೋಗಿ ತಡವಾಗಿ ಬರುತ್ತಾರೆ. ಚೀನಾದ ಹೊಸ ವರ್ಷಕ್ಕೆ ಅಲ್ಲಿನ ಬೇರಿಂಗ್ ಮಾಲು ವಾರಗಟ್ಟಲೆ ನಿಲ್ಲುತ್ತದೆ. ಇವುಗಳಿಗೆ ಎರಡು ಮೂರು ವಾರ ಮೊದಲೇ, ಆಮದು ಮಾಲಾದರೆ ಹಡಗಿನ ದಿನಗಳನ್ನೂ ಸೇರಿಸಿ, ಹಳದಿ ಕಾರ್ಡ್, ಅಂದರೆ ತಾತ್ಕಾಲಿಕ ಕಾರ್ಡ್, ಸೇರಿಸಿ, ಅದರ ಮೇಲೆ ತೆಗೆಯುವ ದಿನಾಂಕ ಬರೆದಿಡಿ. ದಿನಾಂಕ ಇಲ್ಲದ ಹಳದಿ ಕಾರ್ಡ್ ವರ್ಷಪೂರ್ತಿ ಉಳಿದುಬಿಡುತ್ತದೆ.

ಕಂಪ್ಯೂಟರ್ ಒಂದನ್ನೇ ನಂಬಬೇಡಿ. 2022ರ ಮಾರ್ಚ್ 1ರಂದು, ಸರಬರಾಜುದಾರ ಕೊಜಿಮಾ ಮೇಲಿನ ಸೈಬರ್ ದಾಳಿಯಿಂದ ಟೊಯೋಟಾ ಜಪಾನಿನ ತನ್ನ 14 ಕಾರ್ಖಾನೆಗಳನ್ನು ಒಂದು ದಿನ ನಿಲ್ಲಿಸಬೇಕಾಯಿತು. ಸಿಎನ್‌ಸಿ ಪ್ರೋಗ್ರಾಂ, ಡ್ರಾಯಿಂಗ್, ಟೂಲ್ ಪಟ್ಟಿಯ ಒಂದು ಪ್ರತಿ ಇಂಟರ್‌ನೆಟ್‌ಗೆ ಸೇರದ ಡ್ರೈವ್‌ನಲ್ಲಿ, ಬೇರೆ ಕಟ್ಟಡದಲ್ಲಿರಲಿ.

ಕೆಂಪು ಬಿನ್‌ಗೆ ಕೈ ಹೋದ ದಿನ

ಮೊದಲ ಕೆಂಪು ಕಾರ್ಡ್ ತೆಗೆದ ಗಂಟೆಯಲ್ಲೇ ಸರಬರಾಜುದಾರನಿಗೆ ಫೋನ್ ಹೋಗಬೇಕು, ಯಾರು ಮಾಡಬೇಕೆಂದು ಬೋರ್ಡ್ ಮೇಲೆ ಹೆಸರಿರಬೇಕು. ಕಾರಣ ಸಿಗದಿದ್ದರೆ ಅದೇ ದಿನ ಒಬ್ಬರು ಅಲ್ಲಿಗೆ ಹೋಗಲಿ. ಕೆಂಪು ಅರ್ಧಕ್ಕೆ ಇಳಿಯುವ ಮೊದಲು ಎರಡನೆಯವರ ಪಾಲು ಹೆಚ್ಚಿಸಿ, ಗ್ರಾಹಕರಿಗೂ ತಿಳಿಸಿ. ಮುಂಚೆ ಹೇಳಿದರೆ ಅವರು ಪಾರ್ಟ್‌ಗಳ ಸರದಿ ಬದಲಿಸಬಲ್ಲರು, ಕೊನೆ ಗಳಿಗೆಯಲ್ಲಿ ಹೇಳಿದರೆ ದಂಡ ಹಾಕುತ್ತಾರೆ. ಗಾಬರಿಯಿಂದ ಎರಡು ಪಟ್ಟು ಆರ್ಡರ್ ಹಾಕಬೇಡಿ. ಎಲ್ಲರೂ ಹಾಗೆ ಮಾಡಿದರೆ ಸರಬರಾಜುದಾರನ ಸರದಿ ಉದ್ದವಾಗಿ ಲೀಡ್ ಟೈಮ್ ಇನ್ನೂ ಬೆಳೆಯುತ್ತದೆ, ಎರಡು ತಿಂಗಳ ನಂತರ ಬೇಡದ ಮಾಲು ಬಂದು ಬೀಳುತ್ತದೆ.

ಆರು ತಿಂಗಳಿಗೊಮ್ಮೆ ಹೊಸ ಚಲನ್‌ಗಳಿಂದ ಮತ್ತೆ ಲೆಕ್ಕ ಹಾಕಿ. ಅತಿ ಹೆಚ್ಚಿನ ಲೀಡ್ ಟೈಮ್ 8ರಿಂದ 6 ದಿನಕ್ಕೆ ಇಳಿದಿದ್ದರೆ ಅದೇ ಸೂತ್ರದಲ್ಲಿ 1,680ರಿಂದ 1,200 ಹೋಗಿ 480 ಪೀಸ್, 8 ಕೆಂಪು ಕಾರ್ಡ್ ಸಾಕು. ಹೆಚ್ಚಾದ ಹತ್ತು ಕಾರ್ಡನ್ನೂ ಒಂದೇ ದಿನ ಕೀಳಬೇಡಿ. ವಾರಕ್ಕೆ ಎರಡರಂತೆ ತೆಗೆಯಿರಿ, ತೆಗೆಯುವ ಮೊದಲು ಸರಬರಾಜುದಾರನಿಗೆ ಹೇಳಿ, ಇಲ್ಲದಿದ್ದರೆ ಅವನು ಆ ಬಿನ್‌ಗಳಿಗೆ ಆಗಲೇ ಸ್ಟೀಲ್ ಕತ್ತರಿಸಿಟ್ಟಿರುತ್ತಾನೆ.