ಫಲಾನುಭವಿಗಳೇ ತರಬೇತಿ ಕೊಟ್ಟಾಗ: ನನ್ನ ಅನುಭವ

ಆಸ್ಪತ್ರೆಗೆ ಬರುವವರಿರಲಿ, ಪಿಂಚಣಿ ಪಡೆಯುವವರಿರಲಿ, ಅಂಗನವಾಡಿಗೆ ಮಗುವನ್ನು ಕರೆತರುವ ತಾಯಿ ಇರಲಿ, ಸರ್ಕಾರಿ ಕಡತದಲ್ಲಿ ಎಲ್ಲರಿಗೂ ಒಂದೇ ಹೆಸರು: ಫಲಾನುಭವಿ. ಎಷ್ಟೋ ವರ್ಷ ನಾನೂ ಅದೇ ಪದ ಬಳಸಿ ತರಬೇತಿ ಕೊಟ್ಟೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ತಾಲೂಕು ಆರೋಗ್ಯಾಧಿಕಾರಿಗಳು, ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು (ಸಿಡಿಪಿಒ), ಆಸ್ಪತ್ರೆಯ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಯ ಸದಸ್ಯರು ಇವರಿಗೆಲ್ಲ ಜನರ ಜೊತೆ ಕೂತು ಕೆಲಸ ಮಾಡುವುದನ್ನು ಕಲಿಸುವುದು ನನ್ನ ಕೆಲಸ.

ಅಂಥ ಒಂದು ಮೂರು ದಿನದ ತರಬೇತಿಯ ಕೊನೆಯ ಮಧ್ಯಾಹ್ನ ಇಬ್ಬರನ್ನು ಕರೆಸಿದ್ದೆ. ಒಬ್ಬರು ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವ ಮಹಿಳೆ, ಇನ್ನೊಬ್ಬರು ಅದೇ ಕಾಯಿಲೆಯ ಮಗನನ್ನು ನೋಡಿಕೊಳ್ಳುವ ತಾಯಿ. ತಲಾ ಇಪ್ಪತ್ತು ನಿಮಿಷ ಮಾತಾಡಿದರು. ಹಲವರು ಕಣ್ಣೊರೆಸಿಕೊಂಡರು, ಚಪ್ಪಾಳೆ ತಟ್ಟಿದರು, ಶಾಲು ಹೊದಿಸಿದರು. ಬಸ್ ಸ್ಟ್ಯಾಂಡಿಗೆ ಬಿಡಲು ಹೋದಾಗ ಆ ತಾಯಿ ಹೇಳಿದರು: "ಎಲ್ಲರೂ ನಮ್ಮ ಕಷ್ಟ ಕೇಳಿದ್ರಿ ಮೇಡಂ. ಏನು ಮಾಡಿದ್ರೆ ಸರಿಹೋಗುತ್ತೆ ಅಂತ ಒಬ್ಬರೂ ಕೇಳಲಿಲ್ಲ."

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅವರ ಕಣ್ಣೀರನ್ನು ನಾನು ಪಾಠದ ಸಾಮಗ್ರಿ ಮಾಡಿಕೊಂಡಿದ್ದೆ.

ಕಾನೂನು ನಮಗಿಂತ ಮುಂದೆ ಹೋಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಕಾಯಿಲೆ ಅನುಭವಿಸಿದವರ ಮತ್ತು ಅವರನ್ನು ನೋಡಿಕೊಳ್ಳುವವರ ಪ್ರತಿನಿಧಿಗಳಿರಬೇಕು. ಅದಕ್ಕೂ ಬಹಳ ಹಿಂದೆ, 1980ರ ದಶಕದಲ್ಲಿ, ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗ ದೇಶಕ್ಕೇ ಮಾದರಿಯಾಯಿತು. ಮನೋವೈದ್ಯರಿಲ್ಲದ ಕಡೆ ಪ್ರಾಥಮಿಕ ಕೇಂದ್ರದ ವೈದ್ಯರೇ ಈ ಚಿಕಿತ್ಸೆ ಕೊಡಬಹುದು ಎಂದು ಅದು ತೋರಿಸಿಕೊಟ್ಟಿತು. ಇಂಥ ರಾಜ್ಯದಲ್ಲಿ, ಸಮಿತಿಯಲ್ಲಿ ಕುರ್ಚಿ ಸಿಕ್ಕವರ ಮಾತಿಗೆ ಬೆಲೆ ಸಿಗುವಂತೆ ಮಾಡುವುದನ್ನು ನಾವು ಕಲಿಸಿಯೇ ಇರಲಿಲ್ಲ.

ಮುಂದಿನ ತಂಡಕ್ಕೆ ನಾನು ಒಬ್ಬಳೇ ಪಾಠ ಬರೆಯಲಿಲ್ಲ. ಆ ಇಬ್ಬರನ್ನೂ, ಸರ್ಕಾರಿ ಆಸ್ಪತ್ರೆಯಲ್ಲಿ ನಡೆಯುವ ಮಾನಸಿಕ ಆರೋಗ್ಯದ ‘ಮನೋಚೈತನ್ಯ’ ಕ್ಲಿನಿಕ್ಕಿಗೆ ಮಂಗಳವಾರಗಳಂದು ಬರುವ ಇನ್ನೂ ನಾಲ್ವರನ್ನೂ ಮೊದಲೇ ಎರಡು ದಿನ ಕೂರಿಸಿಕೊಂಡೆ. ಹೋಗಿಬರುವ ಖರ್ಚು, ತಪ್ಪಿದ ಕೂಲಿ, ಊಟ ಎಲ್ಲ ಲೆಕ್ಕಕ್ಕೆ ಹಿಡಿದೆ. ಅವರು ಕೇಳಿದ ಮೊದಲ ಬದಲಾವಣೆ ಸಮಯದ್ದು. ರಾತ್ರಿಯ ಮಾತ್ರೆಯ ಮಂಪರು ಬೆಳಿಗ್ಗೆ ಹತ್ತರವರೆಗೂ ಇಳಿಯುವುದಿಲ್ಲ, ಒಂಬತ್ತೂವರೆಗೆ ತರಬೇತಿ ಇಟ್ಟರೆ ನಾವು ಮಾತಾಡುವುದು ಹೇಗೆ ಎಂದರು. ಇಷ್ಟು ವರ್ಷ ನನಗೆ ಇದು ಹೊಳೆದಿರಲಿಲ್ಲ. ಹನ್ನೊಂದಕ್ಕೆ ಶುರು ಮಾಡಿದೆವು.

ಗೌರವಧನದ ಜಗ್ಗಾಟ ಬೇರೆ. ಸಂಪನ್ಮೂಲ ವ್ಯಕ್ತಿ ಎಂದರೆ ವಿದ್ಯಾರ್ಹತೆ ಬೇಕು, ಹುದ್ದೆ ಬೇಕು ಎಂದು ಲೆಕ್ಕಪತ್ರ ನೋಡುವವರು ಪಟ್ಟು ಹಿಡಿದರು. ವೈದ್ಯರಿಗೆ ಕೊಡುವಷ್ಟನ್ನೇ ಇವರಿಗೂ ಕೊಡಬೇಕೆಂದು ನಾನೂ ಪಟ್ಟು ಬಿಡಲಿಲ್ಲ. ಕಡೆಗೆ ಒಪ್ಪಿದರು. ಹಾಜರಿ ಹಾಳೆಯಲ್ಲಿ ‘ಹುದ್ದೆ’ ಎಂಬ ಕಾಲಂ ಎದುರು ಆ ಮಹಿಳೆ ದುಂಡಗಿನ ಅಕ್ಷರದಲ್ಲಿ ಬರೆದರು: "ಹದಿನಾಲ್ಕು ವರ್ಷ ಮಾತ್ರೆ ತೆಗೆದುಕೊಂಡ ಅನುಭವ." ಆ ಹಾಳೆಯ ಪ್ರತಿ ಇವತ್ತಿಗೂ ನನ್ನ ಬಳಿ ಇದೆ.

ಮೊದಲ ದಿನ ಅಧಿಕಾರಿಗಳನ್ನು ಸಭಾಂಗಣದಲ್ಲಿ ಕೂರಿಸದೆ ಆಸ್ಪತ್ರೆಗೆ ಕರೆದೊಯ್ದೆವು. ದಾರಿ ತೋರಿಸಿದವರು ಈ ಆರು ಜನ. ಚೀಟಿ ಕೌಂಟರ್, ಬೆಂಚಿಲ್ಲದ ಪಡಸಾಲೆ, ಹೆಸರು ಜೋರಾಗಿ ಕೂಗಿ ‘ತಲೆ ಮಾತ್ರೆಯವರು ಈ ಕಡೆ’ ಎನ್ನುವ ಔಷಧಿ ಕಿಟಕಿ. ಮಾತ್ರೆಯಿಂದ ಬಾಯಿ ಒಣಗುವವರಿಗೆ ಹತ್ತಿರದಲ್ಲೆಲ್ಲೂ ಕುಡಿಯುವ ನೀರಿಲ್ಲ. ಅಧಿಕಾರಿಗಳು ದಿನಾ ಓಡಾಡುವ ಜಾಗವೇ ಅದು.

ಮಧ್ಯಾಹ್ನ ಕೂತಾಗ ಒಂದೇ ನಿಯಮ ಇಟ್ಟೆ: ಸಮಜಾಯಿಷಿ ಕೂಡದು. ಯಾರಾದರೂ ತೊಂದರೆ ಹೇಳಿದರೆ ಮೊದಲು ಒಂದು ಪ್ರಶ್ನೆ ಕೇಳಬೇಕು, ಉತ್ತರ ಆಮೇಲೆ. ಇಷ್ಟು ಸಣ್ಣ ನಿಯಮ ಪಾಲಿಸುವುದು ಎಷ್ಟು ಕಷ್ಟ ಎಂದು ನೋಡಿಯೇ ತಿಳಿಯಬೇಕು. ನಮ್ಮ ವ್ಯವಸ್ಥೆಯಲ್ಲಿ ಪ್ರಶ್ನೆ ಬಂತೆಂದರೆ ನೋಟಿಸ್ ಬಂತೆಂದೇ ಅರ್ಥ. ಅಧಿಕಾರಿಯ ನಾಲಿಗೆ ತಾನಾಗಿಯೇ ಸಮರ್ಥನೆಗೆ ಹೊರಳುತ್ತದೆ. ಅದು ದುರಹಂಕಾರವಲ್ಲ, ಹೆದರಿಕೆ ಎಂದು ನನಗೆ ಅರ್ಥವಾದದ್ದೂ ಅಲ್ಲಿಯೇ.

ತಾಯಿ ಕೇಳಿದರು: "ತಿಂಗಳ ಮಾತ್ರೆ ಕೊಡದೆ ಹದಿನೈದು ದಿನದ್ದು ಯಾಕೆ ಕೊಡ್ತೀರಿ?" ಯುವ ವೈದ್ಯರೊಬ್ಬರು ಬಾಯಿ ತೆರೆದು, ನಿಯಮ ನೆನಪಾಗಿ, ತಡೆದು ಕೇಳಿದರು: "ನಿಮಗೆ ಯಾಕಿರಬಹುದು ಅನಿಸ್ತು?" ಆಕೆ ಹೇಳಿದರು: "ನನ್ನ ಮಗ ಎಲ್ಲ ಒಟ್ಟಿಗೆ ನುಂಗಿಬಿಡ್ತಾನೆ ಅಂತ ನಿಮಗೆ ಭಯ, ನಮ್ಮ ಮೇಲೆ ನಂಬಿಕೆ ಇಲ್ಲ ಅಂದ್ಕೊಂಡೆ." ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ನಿಜವಾದ ಕಾರಣ ಸ್ಟಾಕ್ ಸಾಲದೆ ಇರುವುದು. ಅದನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಎರಡು ವರ್ಷ ಆ ತಾಯಿ ಇಲ್ಲದ ಅವಮಾನ ಹೊತ್ತುಕೊಂಡು ತಿರುಗಿದ್ದರು.

ಮರುದಿನ ವೈದ್ಯರು ಔಷಧಿಗೆ ಬೇಡಿಕೆ ಬರೆದು ಕಳಿಸುವ ಇಂಡೆಂಟ್ ಹಾಳೆ ತಂದು ಮೇಜಿನ ಮೇಲೆ ಹರಡಿದರು. ತಮ್ಮ ಕೈಯಲ್ಲಿ ಏನಿದೆ, ಜಿಲ್ಲಾ ಉಗ್ರಾಣದ ಕೈಯಲ್ಲಿ ಏನಿದೆ ಎಂದು ಬಿಡಿಸಿ ಹೇಳಿದರು. ದೂರದ ಹಳ್ಳಿಯವರಿಗೆ ಮೂವತ್ತು ದಿನದ್ದು, ಊರೊಳಗಿನವರಿಗೆ ಸದ್ಯಕ್ಕೆ ಹದಿನೈದು ದಿನದ್ದು ಎಂಬ ಹಂಚಿಕೆ ಮಾಡಿದವರು ಬಳಕೆದಾರರೇ. ಊರೊಳಗಿನ ಇಬ್ಬರು ತಮಗೆ ಕಡಿಮೆ ಸಾಕು ಎಂದು ತಾವೇ ಹೇಳಿದರು. ನಾಯಕತ್ವದ ಬಗ್ಗೆ ನಾನು ತೋರಿಸುತ್ತಿದ್ದ ನಲವತ್ತು ಸ್ಲೈಡುಗಳಲ್ಲಿ ಈ ಒಂದು ಗಂಟೆಯ ತೂಕ ಇರಲಿಲ್ಲ. ಅವನ್ನು ಮತ್ತೆ ಬಳಸಿಲ್ಲ.

ಎಲ್ಲವೂ ಗೆದ್ದಿತೆಂದಲ್ಲ. ಒಬ್ಬ ಹಿರಿಯ ಅಧಿಕಾರಿ ಎರಡನೇ ದಿನವೇ ಎದ್ದು ಹೋದರು, ಮತ್ತೆ ಬರಲಿಲ್ಲ. ಅಂಗವಿಕಲರ ಪ್ರಮಾಣಪತ್ರಕ್ಕೆ ಆಗುವ ಅಲೆದಾಟ ಹಾಗೇ ಇದೆ. ಅಂಗವೈಕಲ್ಯ ಶೇ. 40ರ ಮಿತಿ ಮುಟ್ಟಿದೆಯೇ ಎಂದು ಪರೀಕ್ಷಿಸಿಕೊಳ್ಳಲು ಈಗಲೂ ಜಿಲ್ಲಾ ಕೇಂದ್ರಕ್ಕೇ ಹೋಗಬೇಕು. ಅದನ್ನು ತಾಲೂಕಿನ ಸಭೆ ಬದಲಿಸಲಾರದು ಎಂದು ಮೊದಲೇ ಹೇಳಿಬಿಟ್ಟೆವು. ಸುಳ್ಳು ಭರವಸೆ ಕೊಟ್ಟರೆ ಕಟ್ಟಿದ್ದೆಲ್ಲ ಕುಸಿಯುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಆ ಮಹಿಳೆ ಮತ್ತೆ ಕಾಯಿಲೆ ಬಿದ್ದಾಗ. ಅಷ್ಟರಲ್ಲಿ ಅವರು ಆರೋಗ್ಯ ರಕ್ಷಾ ಸಮಿತಿಯ ಸಭೆಗೆ ಆಹ್ವಾನಿತರಾಗಿದ್ದರು. ‘ಇಂಥವರು ಬೇಡ ಅಂತ ಇದಕ್ಕೇ ಹೇಳಿದ್ದು’ ಎಂಬ ಮಾತು ಬಂತು. ಸಕ್ಕರೆ ಕಾಯಿಲೆ ಏರಿ ಆಸ್ಪತ್ರೆ ಸೇರಿದ ಸದಸ್ಯರ ಜಾಗವನ್ನು ಯಾರೂ ತೆಗೆದಿರಲಿಲ್ಲವಲ್ಲ ಎಂದು ಕೇಳಿದೆ. ಕೇಳಿದ ಧ್ವನಿ ಸ್ವಲ್ಪ ಏರಿತ್ತು, ಅದಕ್ಕೆ ನನಗೆ ವಿಷಾದವಿಲ್ಲ. ಅಂದಿನಿಂದ ಒಂದು ಸ್ಥಾನಕ್ಕೆ ಇಬ್ಬರನ್ನು ತಯಾರು ಮಾಡುತ್ತೇವೆ. ಒಬ್ಬರಿಗೆ ಆಗದಿದ್ದರೆ ಇನ್ನೊಬ್ಬರು ಬರುತ್ತಾರೆ.

ಮೂರನೇ ಸಭೆಗೆ ಅವರು ವಾಪಸ್ ಬಂದರು. ತೆಳ್ಳಗಾಗಿದ್ದರು, ಮಾತು ನಿಧಾನ. ತಾನಿಲ್ಲದ ಎರಡು ಸಭೆಗಳ ನಡಾವಳಿಯನ್ನು ಗಟ್ಟಿಯಾಗಿ ಓದಿಸಿಕೊಂಡರು. ಓದಿ ಮುಗಿದ ಮೇಲೆ, ಔಷಧಿ ಕಿಟಕಿಯ ಹತ್ತಿರದ ಕುಡಿಯುವ ನೀರಿನ ವಿಷಯ ಎರಡನೆಯದರಲ್ಲಿ ಬಿಟ್ಟುಹೋಗಿದೆ ಎಂದರು. ವೈದ್ಯರು ಪೆನ್ನು ತೆಗೆದು ಬರೆದುಕೊಂಡರು.